ಗಂಡುಬೀರಿಯ ಗುಮ್ಮ

ಮಹಿಳಾ ದೇಹದಾರ್ಢ್ಯವೆಂದರೆ ಮಾಂಸಖಂಡ ಬೆಳೆಸಿ, ಅದರ ಮೇಲಿನ ಕೊಬ್ಬು ಇಳಿಸಿ, ಆ ಮೈಯನ್ನು ವೇದಿಕೆಯ ಮೇಲೆ ತೀರ್ಪುಗಾರರಿಗೆ ತೋರಿಸುವ ಸ್ಪರ್ಧೆ. ಎಷ್ಟು ಕೆ.ಜಿ. ಎತ್ತಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಎತ್ತಿ ಎತ್ತಿ ಮೈ ಏನಾಯಿತು ಎಂಬುದನ್ನಷ್ಟೇ ನೋಡುತ್ತಾರೆ. ಭುಜದ ಅಗಲ, ಬೆನ್ನಿನ ಹರವು, ಸೊಂಟದ ಅಳತೆ, ತೊಡೆಯ ಗೆರೆ, ಎಡಬಲಗಳ ಸಮತೂಕ, ಇವೇ ಅಂಕದ ಲೆಕ್ಕ. ಅಮೆರಿಕದಲ್ಲಿ 1979ರಲ್ಲಿ ಲೀಸಾ ಲಯನ್ ಮಹಿಳೆಯರ ಮೊದಲ ವೃತ್ತಿಪರ ವಿಶ್ವ ಪ್ರಶಸ್ತಿ ಗೆದ್ದರು. ಮರುವರ್ಷ ಮಿಸ್ ಒಲಿಂಪಿಯಾ ಶುರುವಾಗಿ ಮೊದಲ ಕಿರೀಟ ರೇಚಲ್ ಮ್ಯಾಕ್ಲಿಷ್ ಅವರದಾಯಿತು. ಈಗ ಬಾಡಿಬಿಲ್ಡಿಂಗ್ ಅಲ್ಲದೆ ಫಿಸಿಕ್, ಫಿಗರ್, ವೆಲ್‌ನೆಸ್, ಬಿಕಿನಿ ಎಂಬ ವಿಭಾಗಗಳಿವೆ. ಖಂಡ ಎಷ್ಟು ದಪ್ಪವಿರಬೇಕು, ಎಷ್ಟು ಬಿಗಿಯಿರಬೇಕು ಎಂಬುದರಲ್ಲಿ ಒಂದಕ್ಕೊಂದು ಬೇರೆ. ಬಾಡಿಬಿಲ್ಡಿಂಗ್, ಫಿಸಿಕ್‌ನವರು ಬರಿಗಾಲಲ್ಲಿ ನಿಲ್ಲುತ್ತಾರೆ. ಉಳಿದವರು ಎತ್ತರದ ಹಿಮ್ಮಡಿ ಚಪ್ಪಲಿ ಹಾಕಿಕೊಂಡು.

ಈ ಕ್ರೀಡೆಯನ್ನು ಕಣ್ಣಾರೆ ಕಂಡವರು ಕಡಿಮೆ, ಅದರ ಬಗ್ಗೆ ಅಭಿಪ್ರಾಯವಿಲ್ಲದವರು ಇನ್ನೂ ಕಡಿಮೆ. ಹೆಂಗಸು ಭಾರ ಎತ್ತಿದರೆ ಗಂಡಸಿನ ಹಾಗೆ ಆಗುತ್ತಾಳೆ, ಗರ್ಭಕೋಶಕ್ಕೆ ಪೆಟ್ಟು ಬೀಳುತ್ತದೆ, ಇದು ನಮ್ಮ ಸಂಸ್ಕೃತಿಯಲ್ಲ, ನಮ್ಮ ಊಟಕ್ಕೆ ಇದೆಲ್ಲ ಆಗುವ ಮಾತೂ ಅಲ್ಲ: ಈ ನಾಲ್ಕು ಮಾತು ಎಲ್ಲ ಕಡೆ ಕೇಳಿಸುತ್ತವೆ. ಹಳ್ಳಿಯ ಜಗಲಿಯಲ್ಲಿ ಕೇಳಿಸಿದರೆ ಬೇರೆ. ಓದಿದವರು, ಎರಡು ಸಂಬಳದ ಸಂಸಾರದವರು ತುಂಬಿರುವ ದಕ್ಷಿಣ ಬೆಂಗಳೂರಿನಲ್ಲೂ ಕೇಳಿಸುತ್ತವೆ, ಸ್ವಲ್ಪ ಪಾಲಿಷ್ ಮಾಡಿದ ರೂಪದಲ್ಲಿ.

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್‌ಗಳಲ್ಲಿ ಎರಡು ಅಡ್ಡರಸ್ತೆ ದಾಟಿದರೆ ಒಂದು ಜಿಮ್ ಸಿಗುತ್ತದೆ. ಕೆಳಗೆ ಮೆಡಿಕಲ್ ಸ್ಟೋರೋ ಬೇಕರಿಯೋ, ಮೇಲಿನ ಮಹಡಿಯಲ್ಲಿ ಕನ್ನಡಿ ಗೋಡೆ, ಕನ್ನಡಿಯ ಮೇಲೆ ಆಂಜನೇಯನ ಫೋಟೋ. ಮನೆಯವರ ಡಬ್ಬಿ ಕಟ್ಟಿ ಕಳಿಸಿದ ಮೇಲೆ ಬರುವವರಿಗಾಗಿ ಹತ್ತು ಹತ್ತೂವರೆಯ ಹೊತ್ತಿಗೆ ಲೇಡೀಸ್ ಬ್ಯಾಚ್. ಆ ಬ್ಯಾಚಿನ ಮೂಲೆಯಲ್ಲಿ ಗುಲಾಬಿ, ನೇರಳೆ ಬಣ್ಣದ ರಬ್ಬರ್ ಹೊದಿಸಿದ ಡಂಬೆಲ್‌ಗಳು: ಒಂದು, ಎರಡು, ಮೂರು ಕೆ.ಜಿ., ಹೆಚ್ಚೆಂದರೆ ಐದು. ಹೊಸದಾಗಿ ಸೇರಿದವರು ಆಚೆ ಬದಿಯ ಬಾರ್‌ಬೆಲ್ ಕಡೆ ನೋಡಿದರೆ ಟ್ರೈನರ್ ಬಾಯಲ್ಲಿ ಒಂದೇ ಮಾತು: ‘ಮೇಡಂ, ನಿಮಗೆ ಟೋನಿಂಗ್ ಸಾಕು.’

ಟೋನಿಂಗ್ ಎಂಬ ಕ್ರಿಯೆ ದೇಹದಲ್ಲಿ ಎಲ್ಲೂ ನಡೆಯುವುದಿಲ್ಲ. ಮಾಂಸಖಂಡ ಬೆಳೆಯುತ್ತದೆ ಇಲ್ಲವೇ ಸೊರಗುತ್ತದೆ. ಕೊಬ್ಬು ಏರುತ್ತದೆ ಇಲ್ಲವೇ ಇಳಿಯುತ್ತದೆ. ಟೋನ್ ಆದ ತೋಳು ಎಂದು ಜನ ಮೆಚ್ಚುವುದು ಸ್ವಲ್ಪ ಬೆಳೆದ ಖಂಡ, ಸ್ವಲ್ಪ ಇಳಿದ ಕೊಬ್ಬು ಎರಡೂ ಸೇರಿದ ತೋಳನ್ನು. ಅದು ಬರಬೇಕಾದರೂ ಖಂಡಕ್ಕೆ ತನ್ನ ಅಭ್ಯಾಸಕ್ಕಿಂತ ಹೆಚ್ಚಿನ ಭಾರ ಬೀಳಬೇಕು, ವಾರ ವಾರಕ್ಕೆ ಭಾರ ಏರಬೇಕು. ಎರಡು ಕೆ.ಜಿ. ಡಂಬೆಲ್ ಹಿಡಿದು ವರ್ಷಗಟ್ಟಲೆ ತೋಳು ಆಡಿಸಿದರೆ ಬರುವುದು ಬೇಸರ. ತಿಂಗಳ ಫೀಸು ಗಂಡಸಿನಷ್ಟೇ ಕಟ್ಟಿ, ಕೆಲಸಕ್ಕೆ ಬಾರದ ಭಾರ ಎತ್ತಿ ಮನೆಗೆ ಹೋಗುವ ಈ ವ್ಯವಸ್ಥೆಯ ತಳದಲ್ಲಿರುವುದು ಗಂಡುಬೀರಿಯ ಗುಮ್ಮ.

ಆ ಗುಮ್ಮನನ್ನೇ ಮೊದಲು ನೋಡಬೇಕು. ಖಂಡದ ಗಾತ್ರಕ್ಕೆ ಮುಖ್ಯ ಕಾರಣವಾದ ಟೆಸ್ಟೋಸ್ಟಿರಾನ್ ಹಾರ್ಮೋನು ವಯಸ್ಕ ಗಂಡಸಿನ ಒಂದು ಡೆಸಿಲೀಟರ್ ರಕ್ತದಲ್ಲಿ ಸುಮಾರು 300ರಿಂದ 1000 ನ್ಯಾನೋಗ್ರಾಂ ಇರುತ್ತದೆ. ಹೆಂಗಸಿನಲ್ಲಿ ಸುಮಾರು 15ರಿಂದ 70. ಇಷ್ಟು ಅಂತರವಿರುವ ಕಡೆ, ಬಾರ್‌ಬೆಲ್ ಮುಟ್ಟಿದ ಮಾತ್ರಕ್ಕೆ ಒಂದು ಮೈ ಇನ್ನೊಂದಾಗುವುದಿಲ್ಲ. ಚೆನ್ನಾಗಿ ತಿಂದು, ಕ್ರಮ ತಪ್ಪದೆ ಎತ್ತಿದ ಹೆಂಗಸಿಗೂ ಮೊದಲ ವರ್ಷದಲ್ಲಿ ಎರಡು ಮೂರು ಕೆ.ಜಿ. ಖಂಡ ಕೂಡಿದರೆ ಅದು ದೊಡ್ಡ ಸಂಪಾದನೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮೀರಾಬಾಯಿ ಚಾನು ಸ್ನ್ಯಾಚ್‌ನಲ್ಲಿ 87, ಕ್ಲೀನ್ ಅಂಡ್ ಜರ್ಕ್‌ನಲ್ಲಿ 115, ಒಟ್ಟು 202 ಕೆ.ಜಿ. ಎತ್ತಿ ಬೆಳ್ಳಿ ತಂದರು. ಸ್ಪರ್ಧಿಸಿದ್ದು 49 ಕೆ.ಜಿ. ತೂಕದ ವಿಭಾಗದಲ್ಲಿ. ತನ್ನ ತೂಕದ ಎರಡು ಪಟ್ಟಿಗಿಂತ ಹೆಚ್ಚನ್ನು ತಲೆಯ ಮೇಲಕ್ಕೆ ಎತ್ತಿದ ಆ ಹೆಣ್ಣುಮಗಳನ್ನು ದೇಶವೆಲ್ಲ ನೋಡಿತು, ಹೂಮಾಲೆ ಹಾಕಿತು. ಯಾರಿಗೂ ಗಂಡಸು ಕಾಣಲಿಲ್ಲ. ಭಾರ ಎತ್ತಿದರೆ ಗಂಡಸಾಗುವುದೇ ನಿಜವಾಗಿದ್ದರೆ ಅವರಿಗಿಂತ ಮೊದಲು ಆಗಬೇಕಾದವರು ಯಾರಿದ್ದರು?

ಗರ್ಭಕೋಶ ಜಾರುತ್ತದೆ ಎಂಬುದು ಎರಡನೆಯ ಹೆದರಿಕೆ. ಇದನ್ನು ಹೇಳುವ ಅಜ್ಜಿಯಂದಿರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ; ಅವರು ಕಂಡದ್ದನ್ನೇ ಹೇಳುತ್ತಿದ್ದಾರೆ. ಬಾಣಂತನ ಮುಗಿಯುವ ಮೊದಲೇ ನೀರು ಸೇದಿ, ಸೌದೆ ಹೊತ್ತು, ಮೇಲಿಂದ ಮೇಲೆ ಹೆತ್ತ ಹೆಂಗಸರಿಗೆ ಹಾಗಾಗುತ್ತಿತ್ತು, ಈಗಲೂ ಆಗುತ್ತದೆ. ಸಹಜ ಹೆರಿಗೆಗಳು, ಬೊಜ್ಜು, ಹಳೆಯ ಕೆಮ್ಮು, ಮಲಬದ್ಧತೆ, ಬಿಡುವಿಲ್ಲದ ಹೊರೆಗೆಲಸ, ಇವು ವೈದ್ಯರು ಹೇಳುವ ಕಾರಣಗಳು. ಆದರೆ ಅಜ್ಜಿ ಕಂಡದ್ದು ಅಳತೆಯಿಲ್ಲದ ಹೊರೆ, ವಿಶ್ರಾಂತಿಯಿಲ್ಲದ ಹೊರೆ. ಜಿಮ್‌ನಲ್ಲಿ ಎತ್ತುವ ಭಾರ ಇಷ್ಟೇ ಎಂದು ಪ್ಲೇಟಿನ ಮೇಲೆ ಬರೆದಿರುತ್ತದೆ. ಇಂದು ಇಪ್ಪತ್ತು, ಮುಂದಿನ ವಾರ ಇಪ್ಪತ್ತೆರಡೂವರೆ, ನಡುವೆ ಎರಡು ದಿನ ಬಿಡುವು, ಉಸಿರು ಹಿಡಿದು ಬಿಡುವ ಕ್ರಮ. ಹೆತ್ತವರು ವೈದ್ಯರನ್ನು ಕೇಳಿ, ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಮೊದಲು ಗಟ್ಟಿ ಮಾಡಿಕೊಂಡು ಶುರುಮಾಡಬೇಕು ಎಂಬುದು ಸರಿಯಾದ ಎಚ್ಚರಿಕೆ. ಮುಟ್ಟಲೇಬಾರದು ಎಂಬುದಕ್ಕೆ ಆಧಾರವಿಲ್ಲ. ಬೆಂಗಳೂರಿನ ಸೋನಾಲಿ ಸ್ವಾಮಿ ಇಬ್ಬರು ಮಕ್ಕಳ ತಾಯಿಯಾದ ಮೇಲೆಯೇ ಈ ಕ್ರೀಡೆಗೆ ಇಳಿದು ಸ್ಪರ್ಧೆಯ ವೇದಿಕೆ ಹತ್ತಿದವರು.

ಈ ಹೆದರಿಕೆ ಎಷ್ಟು ಅನುಕೂಲಸಿಂಧು ಎಂಬುದು ಅಡುಗೆಮನೆಯಲ್ಲೇ ಗೊತ್ತಾಗುತ್ತದೆ. ಮನೆಗೆ ಬರುವ ಗ್ಯಾಸ್ ಸಿಲಿಂಡರಿನಲ್ಲಿ 14.2 ಕೆ.ಜಿ. ಅನಿಲ, ಕಬ್ಬಿಣದ ತೂಕ ಹೆಚ್ಚುಕಡಿಮೆ ಅಷ್ಟೇ ಬೇರೆ. ಒಟ್ಟು 30 ಕೆ.ಜಿ. ಆಸುಪಾಸಿನ ಅದನ್ನು ಬಾಗಿಲಿಂದ ವಾಲಿಸಿ, ತಳದಂಚಿನ ಮೇಲೆ ಉರುಳಿಸಿ, ಕಟ್ಟೆಯ ಕೆಳಗೆ ನೂಕಿ ರೆಗ್ಯುಲೇಟರ್ ಹಾಕುವವರು ಹೆಚ್ಚಿನ ಮನೆಗಳಲ್ಲಿ ಯಾರು? ಬಿ.ಟಿ.ಎಂ. ಲೇಔಟಿನಲ್ಲಿ ಏಳುವ ಹೊಸ ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೆ ರಾಯಚೂರು, ಯಾದಗಿರಿ ಕಡೆಯಿಂದ ಬಂದ ಹೆಣ್ಣಾಳು ತಲೆಯ ಮೇಲೆ ಸಿಂಬೆ ಇಟ್ಟು ಎಂಟು ಇಟ್ಟಿಗೆ ಹೊತ್ತು ಏರುತ್ತಾಳೆ. ಇಟ್ಟಿಗೆಗೆ ಮೂರು ಕೆ.ಜಿ. ಎಂದರೂ 24 ಆಯಿತು, ದಿನಕ್ಕೆ ಎಷ್ಟೋ ಸಲ. ಅವಳ ಗರ್ಭಕೋಶದ ಬಗ್ಗೆ ಆ ರಸ್ತೆಯಲ್ಲಿ ಯಾರೂ ಚಿಂತಿಸಿದ್ದಿಲ್ಲ. ಎದುರುಗಡೆಯ ಜಿಮ್‌ನಲ್ಲಿ ಒಬ್ಬ ಹುಡುಗಿ 40 ಕೆ.ಜಿ. ಡೆಡ್‌ಲಿಫ್ಟ್ ಮಾಡಿದರೆ ಚಿಂತೆ ಹತ್ತುತ್ತದೆ. ಕೂಲಿಗೆ, ಸಂಸಾರಕ್ಕೆ ಹೊತ್ತರೆ ಸರಿ. ತನಗಾಗಿ ಎತ್ತಿದರೆ ಅಪಾಯ ಎಂಬ ವೈದ್ಯಶಾಸ್ತ್ರ ಯಾವ ಕಾಲೇಜಿನಲ್ಲಿ ಹೇಳಿಕೊಡುತ್ತಾರೋ ತಿಳಿಯದು.

ನಿಜದಲ್ಲಿ ಭಾರ ಬೇಕಾಗಿರುವುದು ಹೆಂಗಸಿಗೇ ಹೆಚ್ಚು. ಮೂಳೆಯ ಸಾಂದ್ರತೆ ಮೂವತ್ತರ ಹತ್ತಿರಕ್ಕೆ ತುದಿ ಮುಟ್ಟುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ವೇಗವಾಗಿ ಇಳಿಯುತ್ತದೆ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅತ್ತೆ, ಅಜ್ಜಿ ಯಾವ ಮನೆಯಲ್ಲಿಲ್ಲ? ಮೂಳೆಯ ಮೇಲೆ ಭಾರ ಬಿದ್ದರೆ ಮೂಳೆ ಗಟ್ಟಿಯಾಗುತ್ತದೆ. ಪಾರ್ಕಿನಲ್ಲಿ ನಾಲ್ಕು ಸುತ್ತು ನಡೆಯುವುದು ಹೃದಯಕ್ಕೆ ಒಳ್ಳೆಯದೇ, ಆದರೆ ಈ ಕೆಲಸಕ್ಕೆ ಅಷ್ಟು ಸಾಲದು.

ಇನ್ನು ಸಂಸ್ಕೃತಿ. ಕನ್ನಡನಾಡಿನಲ್ಲಿ ಮೈ ಬೆಳೆಸುವುದು ಪರದೇಶದಿಂದ ಬಂದ ಹುಚ್ಚೇನಲ್ಲ. ಗರಡಿಮನೆ, ಮಟ್ಟಿ, ದಂಡ, ಬಸ್ಕಿ, ಗದೆ, ಸಾಮು, ಇವೆಲ್ಲ ಇಲ್ಲಿನ ಮಾತು. ಕಳೆದ ಶತಮಾನದ ಮೊದಲರ್ಧದಲ್ಲಿ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದ ಕೆ.ವಿ. ಅಯ್ಯರ್ ಸೂರ್ಯನಮಸ್ಕಾರವನ್ನೂ ಬಾರ್‌ಬೆಲನ್ನೂ ಒಟ್ಟಿಗೆ ಕಲಿಸಿದರು, ಅಂಚೆಯ ಮೂಲಕ ಪಾಠ ಕಳಿಸಿದರು, ಕೌಪೀನದಷ್ಟೇ ಬಟ್ಟೆಯಲ್ಲಿ ನಿಂತ ತಮ್ಮ ಚಿತ್ರಗಳನ್ನು ಪುಸ್ತಕಗಳಲ್ಲಿ ಅಚ್ಚು ಹಾಕಿಸಿದರು. ಅದೇ ಅಯ್ಯರ್ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದರು, ಕೈಲಾಸಂ ಅವರ ಗೆಳೆಯರಾಗಿದ್ದರು. ಆ ಚಿತ್ರಗಳಿಂದ ಅವರ ಮಾನಕ್ಕೆ ಏನೂ ಕುಂದಾಗಲಿಲ್ಲ; ಮೈಯನ್ನು ಶಿಲ್ಪದ ಹಾಗೆ ಕಡೆದವರು ಎಂದು ಜನ ಮೆಚ್ಚಿದರು. ಮೈ ತೋರಿಸುವುದೇ ಸಂಸ್ಕೃತಿಗೆ ಹೊರಗು ಎನ್ನುವವರು ಮೊದಲು ಈ ಲೆಕ್ಕ ತೀರಿಸಬೇಕು.

ಹೆಣ್ಣಿನ ಬಲವೂ ಹೊರಗಿನದಲ್ಲ. ಚಿತ್ರದುರ್ಗದ ಓಬವ್ವ ಹಿಡಿದದ್ದು ಒನಕೆ, ಅಂದರೆ ದಿನಾ ಭತ್ತ ಕುಟ್ಟಿ ಪಳಗಿದ ತೋಳಿನ ಆಯುಧ. ಜಯನಗರದ ಕ್ರೀಡಾಂಗಣಕ್ಕೆ ಇಟ್ಟಿರುವ ಹೆಸರು ಕಿತ್ತೂರು ರಾಣಿ ಚೆನ್ನಮ್ಮನದು. ಹೆಸರಿಡುವಾಗ ಕತ್ತಿ ಹಿಡಿದ ಹೆಣ್ಣು ಬೇಕು, ಆ ಕತ್ತಿ ಹಿಡಿಯಲು ಬೇಕಾದ ಮುಂಗೈ ಮಾತ್ರ ಬೇಡ. ಗರಡಿಯ ಮಟ್ಟಿಯೊಳಕ್ಕೆ ಹೆಂಗಸರನ್ನು ಬಿಡದ ಪದ್ಧತಿ ಬಹುಕಾಲ ನಡೆಯಿತು, ನಿಜ. ಆದರೆ ಮೈಸೂರು ದಸರಾ ಕುಸ್ತಿಯಲ್ಲಿ ಈಗ ಹೆಣ್ಣುಮಕ್ಕಳೂ ಅಖಾಡಕ್ಕೆ ಇಳಿಯುತ್ತಾರೆ. ನೋಡುವವರು ಶಿಳ್ಳೆ ಹೊಡೆದು ಹುರಿದುಂಬಿಸುತ್ತಾರೆ, ಸಂಸ್ಕೃತಿ ಕೆಟ್ಟಿತೆಂದು ಯಾರೂ ಎದ್ದು ಹೋಗುವುದಿಲ್ಲ.

ಬಟ್ಟೆಯ ವಿಚಾರ ಬಂದಾಗ ಇಬ್ಬಂದಿತನ ಬಟ್ಟಬಯಲು. 2023ರ ಮಾರ್ಚ್‌ನಲ್ಲಿ ಮಧ್ಯಪ್ರದೇಶದ ರತ್ಲಾಮ್‌ನಲ್ಲಿ ನಡೆದ ದೇಹದಾರ್ಢ್ಯ ಸ್ಪರ್ಧೆಯಲ್ಲಿ ಹನುಮಂತನ ಮೂರ್ತಿಯಿದ್ದ ವೇದಿಕೆಯ ಮೇಲೆ ಮಹಿಳಾ ಸ್ಪರ್ಧಿಗಳು ಪೋಸ್ ಕೊಟ್ಟರೆಂದು ರಾಜಕೀಯ ಗದ್ದಲವೇ ಎದ್ದಿತು. ವಿರೋಧಿಗಳು ಗಂಗಾಜಲ ಚಿಮುಕಿಸಿ ಸ್ಥಳ ಶುದ್ಧಿ ಮಾಡಿದರು. ಅದೇ ಸ್ಪರ್ಧೆಯಲ್ಲಿ ಚಡ್ಡಿಯಲ್ಲಿ ನಿಂತ ಗಂಡಸರಿಂದ ಏನೂ ಮೈಲಿಗೆಯಾದಂತಿಲ್ಲ. ನಮ್ಮಲ್ಲೂ ಗಣೇಶೋತ್ಸವ, ರಾಜ್ಯೋತ್ಸವದ ಪೆಂಡಾಲುಗಳಲ್ಲಿ ಎಣ್ಣೆ ಹಚ್ಚಿದ ಹುಡುಗರು ಹಾಡಿನ ತಾಳಕ್ಕೆ ಎದೆ ಕುಣಿಸುವಾಗ ಮುಂದಿನ ಸಾಲಿನಲ್ಲಿ ಅಜ್ಜಂದಿರೂ ಮೊಮ್ಮಕ್ಕಳೂ ಕೂತಿರುತ್ತಾರೆ. ಖಂಡ ನೋಡಿ ಅಂಕ ಕೊಡುವ ಆಟದಲ್ಲಿ ಖಂಡ ಕಾಣಲೇಬೇಕು. ಈಜುಗಾರ್ತಿ ಸೀರೆ ಉಟ್ಟು ಈಜುವುದಿಲ್ಲ. ಆದರೆ ಮಿನುಗುವ ಹರಳು, ಐದಂಗುಲದ ಹಿಮ್ಮಡಿ, ವೇದಿಕೆಯಿಂದ ಇಳಿಯುವಾಗಿನ ಬಳುಕು, ಇವು ಖಂಡ ಅಳೆಯಲು ಬೇಕಿಲ್ಲ ಎಂಬ ಆಕ್ಷೇಪಣೆ ಒಪ್ಪತಕ್ಕದ್ದೇ. ಅದನ್ನು ಸ್ಪರ್ಧಿಯ ಮೇಲೆ ಹೊರಿಸುವುದು ತಪ್ಪು. ನಿಯಮ ಬರೆದವರು ಬೇರೆ.

ನಿಯಮ ಬರೆದವರೂ ಇದೇ ಗುಮ್ಮನಿಗೆ ಹೆದರಿದವರು ಎಂಬುದು ಈ ಕ್ರೀಡೆಯ ವಿಚಿತ್ರ. 1983ರಲ್ಲಿ ಲಾಸ್ ವೇಗಸ್‌ನ ಒಂದು ಸ್ಪರ್ಧೆಗೆ ಬೆವ್ ಫ್ರಾನ್ಸಿಸ್ ಎಂಬ ಆಸ್ಟ್ರೇಲಿಯಾದ ಪವರ್‌ಲಿಫ್ಟರ್ ಬಂದರು. ಉಳಿದವರಿಗಿಂತ ಎಷ್ಟೋ ಹೆಚ್ಚು ಖಂಡ ಹೊಂದಿದ್ದ ಅವರಿಗೆ ಸಿಕ್ಕಿದ್ದು ಎಂಟನೇ ಸ್ಥಾನ. ಹೆಣ್ತನ ಎಂದರೇನು ಎಂದು ತೀರ್ಪುಗಾರರೇ ಕೂತು ವಾದ ಮಾಡಿದ್ದನ್ನು ‘ಪಂಪಿಂಗ್ ಐರನ್ 2’ ಎಂಬ 1985ರ ಸಾಕ್ಷ್ಯಚಿತ್ರದಲ್ಲಿ ನೋಡಬಹುದು. 2004ರ ಕೊನೆಗೆ ಈ ಕ್ರೀಡೆಯ ಅಂತರರಾಷ್ಟ್ರೀಯ ಫೆಡರೇಷನ್, ಮಹಿಳೆಯರು ತಮ್ಮ ಖಂಡವನ್ನು ಶೇ. 20ರಷ್ಟು ಇಳಿಸಿಕೊಂಡು ಬರಬೇಕೆಂದು ಸುತ್ತೋಲೆ ಹೊರಡಿಸಿತು. ಓಟಗಾರ್ತಿಗೆ ಐದನೇ ಒಂದು ಪಾಲು ನಿಧಾನ ಓಡು ಎಂದಂತೆ! ಐರಿಸ್ ಕೈಲ್ ಹತ್ತು ಸಲ ಗೆದ್ದ ಮಿಸ್ ಒಲಿಂಪಿಯಾವನ್ನು 2014ರ ನಂತರ ನಿಲ್ಲಿಸಿ, 2020ರಲ್ಲಿ ಮತ್ತೆ ಶುರುಮಾಡಿದರು. ಈ ನಡುವೆ ಬೆಳೆದದ್ದು ಬಿಕಿನಿ ವಿಭಾಗ.

ಊಟದ ಮಾತಿಗೆ ಬರಬೇಕು. ಜಯನಗರ, ಬನಶಂಕರಿಯ ಸಸ್ಯಾಹಾರಿ ಮನೆಗಳಲ್ಲಿ ಇದು ದೊಡ್ಡ ತಡೆ. ಕೋಳಿ, ಮೊಟ್ಟೆ ಇಲ್ಲದೆ ಖಂಡ ಬೆಳೆಯದು ಎಂಬುದು ನಂಬಿಕೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಕೆ.ಜಿ. ದೇಹತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, 60 ಕೆ.ಜಿ. ಹೆಂಗಸಿಗೆ ಸುಮಾರು 50 ಗ್ರಾಂ. ಭಾರ ಎತ್ತುವವರಿಗೆ 1.6 ಎಂದು ಹಿಡಿದರೆ 96. ಅರ್ಧ ಲೀಟರ್ ಹಾಲು ಮೊಸರಿನಲ್ಲಿ 16 ಗ್ರಾಂ, ನೂರು ಗ್ರಾಂ ಹುರುಳಿಕಾಳು ಅಥವಾ ಬೇಳೆಯಲ್ಲಿ 22, ನೂರು ಗ್ರಾಂ ಪನೀರಿನಲ್ಲಿ 18, ಐವತ್ತು ಗ್ರಾಂ ಸೋಯಾ ಚಂಕ್ಸ್‌ನಲ್ಲಿ 26, ಐವತ್ತು ಗ್ರಾಂ ಕಡಲೆಕಾಯಿ ಬೀಜದಲ್ಲಿ ಹನ್ನೆರಡು. ಅಲ್ಲಿಗೇ 94, ಮುದ್ದೆ, ಚಪಾತಿ, ಅನ್ನದ್ದು ಬೇರೆ. ಅವರೆಕಾಳಿನ ಕಾಲದಲ್ಲಿ ಬಸವನಗುಡಿಯ ಹುಳಿಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಕಷ್ಟವಿರುವುದು ಸಸ್ಯಾಹಾರದಲ್ಲಲ್ಲ, ಬಡಿಸುವ ಕ್ರಮದಲ್ಲಿ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವಳ ತಟ್ಟೆಗೆ ಬರುವುದು ಅನ್ನ ಮತ್ತು ಸಾರಿನ ತಿಳಿ. ಬೇಳೆ ಹುಡುಕಲು ಸೌಟು ತಳಕ್ಕೆ ಹೋಗಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ರಕ್ತಹೀನತೆ. ದೇಹದಾರ್ಢ್ಯಕ್ಕೆ ಇಳಿದವಳು ಮೊದಲ ಸಲ ತನ್ನ ತಟ್ಟೆಯನ್ನು ತೂಕ ಮಾಡಿ ನೋಡುತ್ತಾಳೆ. ಅದೊಂದೇ ಕಾರಣಕ್ಕೂ ಈ ಕ್ರೀಡೆಗೆ ಕೃತಜ್ಞತೆ ಹೇಳಬಹುದು.

ಇಷ್ಟು ಹೇಳಿದ ಮೇಲೆ, ಈ ಕ್ರೀಡೆಯಲ್ಲಿ ಅಪಾಯವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಇದೆ, ಸಾಕಷ್ಟಿದೆ. ಜನ ಬೆರಳು ತೋರಿಸುವ ಕಡೆ ಮಾತ್ರ ಇಲ್ಲ.

ಸ್ಪರ್ಧೆಗೆ ಮೊದಲಿನ ಹನ್ನೆರಡರಿಂದ ಹದಿನಾರು ವಾರ ಕಟಿಂಗ್. ಅಕ್ಕಿ, ಎಣ್ಣೆ ವಾರ ವಾರಕ್ಕೆ ಇಳಿಯುತ್ತವೆ. ಬೆಳಿಗ್ಗೆ ಖಾಲಿ ಹೊಟ್ಟೆಯ ನಡಿಗೆ, ಸಂಜೆ ಭಾರ. ಆರೋಗ್ಯವಂತ ಹೆಂಗಸಿನ ಮೈಯಲ್ಲಿ ಕೊಬ್ಬು ನೂರಕ್ಕೆ ಇಪ್ಪತ್ತರ ಮೇಲಿರುವುದು ಸಹಜ. ವೇದಿಕೆಯ ದಿನ ಅದು ಹತ್ತು ಹನ್ನೆರಡಕ್ಕೆ ಬಂದಿರುತ್ತದೆ. ಹಿಂದಿನ ರಾತ್ರಿ ಕೋಣೆಯಲ್ಲಿ ಸ್ಪಂಜಿನಿಂದ ಕಂದು ಬಣ್ಣದ ಟ್ಯಾನ್ ಪದರ ಪದರವಾಗಿ ಬಳಿದು, ಅದು ಹತ್ತದಿರಲೆಂದು ಹಾಸಿಗೆಯ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಕೈಕಾಲು ಅಗಲಿಸಿ ಮಲಗುತ್ತಾರೆ. ಬೆಳಿಗ್ಗೆ ನೀರೂ ಗುಟುಕಿನ ಲೆಕ್ಕ. ಗ್ರೀನ್ ರೂಮಿನಲ್ಲಿ ಜಾಮ್ ಸವರಿದ ರೈಸ್ ಕೇಕ್ ಕಚ್ಚಿ, ರಬ್ಬರ್ ಬ್ಯಾಂಡ್ ಎಳೆದು ಖಂಡಕ್ಕೆ ರಕ್ತ ತುಂಬಿಸಿಕೊಂಡು ಹೆಸರು ಕರೆಯುವುದನ್ನು ಕಾಯುತ್ತಾರೆ. ವೇದಿಕೆಯ ಮೇಲೆ ಇರುವುದು ಕೆಲವು ನಿಮಿಷ. ತುಟಿ ಒಣಗಿದ್ದರೂ ನಗು ಬಿಡುವಂತಿಲ್ಲ.

ಈ ಹಂತದಲ್ಲಿ ಎಷ್ಟೋ ಸ್ಪರ್ಧಿಗಳಿಗೆ ಮುಟ್ಟು ನಿಲ್ಲುತ್ತದೆ. ದೇಹ ತನಗೆ ಬರುವ ಆಹಾರ ಖರ್ಚಿಗೆ ಸಾಲದೆಂದು ಕಂಡಾಗ ಮೊದಲು ನಿಲ್ಲಿಸುವುದು ಸಂತಾನದ ಕೆಲಸವನ್ನು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಕ್ರೀಡೆಯಲ್ಲಿನ ಶಕ್ತಿಕೊರತೆ ಎಂದು ಗುರುತಿಸಿದ ಸ್ಥಿತಿ ಇದೇ. ಓಟ, ಜಿಮ್ನಾಸ್ಟಿಕ್ಸ್, ನೃತ್ಯದವರಲ್ಲೂ ಇದು ಕಾಣುತ್ತದೆ. ಈಸ್ಟ್ರೋಜನ್ ಇಳಿದರೆ ಮೂಳೆ ಸವೆಯುತ್ತದೆ. ಭಾರ ಎತ್ತಿ ಗಳಿಸಿದ ಮೂಳೆಯನ್ನು ಹಸಿವಿನಲ್ಲಿ ಕಳೆದುಕೊಳ್ಳುವುದು ಇದರ ಕ್ರೂರ ಲೆಕ್ಕ. ಸ್ಪರ್ಧೆ ಮುಗಿದ ಮೇಲೆ ಊಟ ಸರಿಹೋದರೂ ಮುಟ್ಟು ಮರಳಲು ತಿಂಗಳುಗಳು ಬೇಕಾಗಬಹುದು.

ಮನೆಯಲ್ಲಿ ಏನು ಹೇಳುತ್ತಾರೆ? ‘ನೋಡು, ವೆಯ್ಟ್ ಎತ್ತಬೇಡ ಅಂದಿದ್ದೆ.’ ಹಸಿವಿನ ತಪ್ಪು ಕಬ್ಬಿಣದ ತಲೆಗೆ ಬಂತು. ಈ ಮಾತು ಬರುತ್ತದೆಂದು ಗೊತ್ತಿರುವ ಹುಡುಗಿ ಮುಟ್ಟು ನಿಂತದ್ದನ್ನು ಅಮ್ಮನಿಗೂ ಹೇಳುವುದಿಲ್ಲ, ಡಾಕ್ಟರಿಗೂ ಹೇಳುವುದಿಲ್ಲ. ಹೇಳಿದರೆ ‘ಜಿಮ್ ಬಿಡಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ; ‘ದಿನಕ್ಕೆ ಎಷ್ಟು ತಿನ್ನುತ್ತೀರಿ’ ಎಂಬ ಪ್ರಶ್ನೆ ಬರುವುದಿಲ್ಲ.

ಖಂಡ ಬೆಳೆಸಲು ತೆಗೆದುಕೊಳ್ಳುವ ಔಷಧದ ವಿಚಾರದಲ್ಲಿ ಗುಮ್ಮ ಮಾಡುವ ಹಾನಿ ಇನ್ನೂ ದೊಡ್ಡದು. ದನಿ ಗಡಸಾಗುವುದು, ಮುಖದಲ್ಲಿ ಕೂದಲು ಬರುವುದು, ಜನನಾಂಗದಲ್ಲಿ ಬದಲಾವಣೆ: ಇವು ಅನಬಾಲಿಕ್ ಸ್ಟಿರಾಯ್ಡ್‌ಗಳ ಪರಿಣಾಮ. ಒಡೆದ ದನಿ ಔಷಧ ಬಿಟ್ಟರೂ ಹಿಂದಕ್ಕೆ ಬರುವುದು ಕಷ್ಟ. ಆಕ್ಸಾಂಡ್ರೊಲೋನ್ ಮಾತ್ರೆಯನ್ನು ‘ಲೇಡೀಸ್‌ಗೆ ಸೇಫ್’ ಎಂದು ಕೈಗಿಡುವವರಿದ್ದಾರೆ, ಅದೂ ಸ್ಟಿರಾಯ್ಡೇ. ಉಬ್ಬಸದ ಔಷಧವಾದ ಕ್ಲೆನ್‌ಬ್ಯುಟೆರಾಲ್ ಕೊಬ್ಬು ಇಳಿಸುವ ಹೆಸರಲ್ಲಿ ಓಡಾಡುತ್ತದೆ, ಎದೆ ಡವಗುಟ್ಟಿಸುತ್ತದೆ. ರಾಷ್ಟ್ರೀಯ ಉದ್ದೀಪನ ತಡೆ ಸಂಸ್ಥೆಯಾದ ನಾಡಾದ ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದ ದೇಹದಾರ್ಢ್ಯ ಸ್ಪರ್ಧಿಗಳು ಕಡಿಮೆಯೇನಿಲ್ಲ. ಭಾರ ಎತ್ತಿದರೆ ಹೆಂಗಸು ಗಂಡಸಾಗುವುದು ಸಹಜ ಎಂದು ಊರೆಲ್ಲ ನಂಬಿರುವಾಗ, ಒಬ್ಬಳ ದನಿ ನಿಜಕ್ಕೂ ಒಡೆದರೆ ಯಾರಿಗೂ ಅನುಮಾನ ಬರುವುದಿಲ್ಲ. ಮಾತ್ರೆ ಮಾರಿದವನಿಗೆ ಇದಕ್ಕಿಂತ ಒಳ್ಳೆಯ ಮರೆ ಇನ್ನೆಲ್ಲಿ? ಮಹಿಳಾ ದೇಹದಾರ್ಢ್ಯವನ್ನು ಹಳಿಯುವವರು ತಮಗೆ ಗೊತ್ತಿಲ್ಲದೆ ಕಾಯುತ್ತಿರುವುದು ಅವನನ್ನು.

ಸ್ಪರ್ಧೆ ಎಲ್ಲರಿಗೂ ಬೇಕಿಲ್ಲ. ಖರ್ಚು ಹೆಚ್ಚು, ಬಹುಮಾನ ಕಡಿಮೆ, ಮೈಗೆ ಆಯಾಸ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಕೆಲಸ ಮಾಡುತ್ತಲೇ ವೃತ್ತಿಪರ ಫಿಗರ್ ವೇದಿಕೆ ಮುಟ್ಟಿದ ದೀಪಿಕಾ ಚೌಧರಿಯಂಥವರು ವಿರಳ, ವಿರಳವಾಗಿಯೇ ಇರುತ್ತಾರೆ. ಆದರೆ ಆ ವೇದಿಕೆಗೆ ಹೋಗದ ನೂರು ಮಂದಿಗೂ ಬಾರ್‌ಬೆಲ್ ಬೇಕು. ದಕ್ಷಿಣ ಬೆಂಗಳೂರಿನ ಜಿಮ್ ಮಾಲೀಕರು ಲೇಡೀಸ್ ಬ್ಯಾಚಿನ ಸ್ಟ್ಯಾಂಡಿಗೆ ಹತ್ತು, ಹನ್ನೆರಡೂವರೆ, ಹದಿನೈದು ಕೆ.ಜಿ.ಯ ಡಂಬೆಲ್ ತಂದಿಡಲಿ. ಸ್ಪರ್ಧೆಗೆ ತಯಾರು ಮಾಡುವ ಕೋಚ್ ಪ್ರತಿ ತಿಂಗಳು ತೂಕದ ಜೊತೆಗೆ ಮುಟ್ಟಿನ ದಿನಾಂಕವನ್ನೂ ಬರೆದುಕೊಳ್ಳಲಿ, ಒಂದು ತಪ್ಪಿದರೆ ಊಟ ಏರಿಸಲಿ, ಮೂರು ತಪ್ಪಿದರೆ ಆ ಸಲದ ಸ್ಪರ್ಧೆ ಬಿಡಿಸಲಿ. ಸಂಘಟಕರು ಮಹಿಳಾ ವಿಭಾಗಗಳಿಗೂ ಉದ್ದೀಪನ ಪರೀಕ್ಷೆ ಮಾಡಿಸಲಿ. ಮನೆಯವರು, ದನಿ ಒರಟಾದ ಮಗಳನ್ನು ಗಂಡುಬೀರಿ ಎನ್ನುವ ಮೊದಲು, ಮಾತ್ರೆ ಕೊಟ್ಟವರು ಯಾರು ಎಂದು ಕೇಳಲಿ.